ಚುಕ್ಕಿ ಎಲ್ಲಿಡಬೇಕು? ಒಂದು ಪ್ರಯೋಗ ವರದಿಯ ಸುತ್ತ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಮೂವರಿದ್ದಾರೆ: ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಅವಳ ಕನ್ನಡ ಶಿಕ್ಷಕಿ, ವಿಜ್ಞಾನ ಶಿಕ್ಷಕರು. ಗುರುತು ಸಿಗಬಾರದೆಂದು ಹೆಸರು, ಶಾಲೆ, ವರ್ಷ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಹುಡುಗಿಯ ಬರವಣಿಗೆಯ ತುಣುಕುಗಳನ್ನು ಮಾತ್ರ ಪೂರ್ತಿಯಾಗಿ ಕೊಟ್ಟಿದೆ. ಎಲ್ಲಿ ತಪ್ಪಿತು, ಎಲ್ಲಿ ಸರಿಹೋಯಿತು ಎಂಬುದು ಆ ತುಣುಕುಗಳಲ್ಲೇ ಕಾಣುತ್ತದೆ.

ಹಿನ್ನೆಲೆ

ವಿದ್ಯಾರ್ಥಿನಿ ಚುರುಕಾದ ಮಾತುಗಾತಿ. ಪ್ರಯೋಗದಲ್ಲಿ ಏನಾಯಿತು ಎಂದು ಬಾಯಲ್ಲಿ ಕೇಳಿದರೆ ಹಂತ ಹಂತವಾಗಿ ಹೇಳುತ್ತಾಳೆ, ನಡುವೆ ಯಾರಾದರೂ ಪ್ರಶ್ನೆ ಹಾಕಿದರೂ ತಡವರಿಸುವುದಿಲ್ಲ. ಕಾಗುಣಿತದಲ್ಲೂ ದೊಡ್ಡ ದೋಷಗಳಿಲ್ಲ. ಆದರೆ ಅವಳ ವರದಿಗಳು ಒಂದೇ ಉಸಿರಿನಲ್ಲಿ ಓಡುತ್ತಿದ್ದವು. ಪುಟದ ಕೊನೆಯಲ್ಲಿ ಒಂದು ಚುಕ್ಕಿ ಇರುತ್ತಿತ್ತು, ಅಷ್ಟೇ. ಕನ್ನಡ ಶಿಕ್ಷಕಿ ಕೆಂಪು ಶಾಯಿಯಲ್ಲಿ ಅಲ್ಲಲ್ಲಿ ಪೂರ್ಣವಿರಾಮ ಹಾಕಿ ‘ಲೇಖನ ಚಿಹ್ನೆ ಗಮನಿಸು’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಮುಂದಿನ ವರದಿ ಮತ್ತೆ ಹಾಗೇ ಬರುತ್ತಿತ್ತು.

ಕೆಂಪು ಚುಕ್ಕಿ ಹಾಕಿಕೊಟ್ಟಾಗ ಮಗು ಕಲಿಯುವುದು ಬಹಳ ಕಡಿಮೆ. ಚುಕ್ಕಿ ಎಲ್ಲಿಗೆ ಬರಬೇಕೆಂದು ನಿರ್ಧರಿಸಿದವರು ಶಿಕ್ಷಕಿ. ಮಗು ಅದನ್ನು ನೋಡಿದ್ದಷ್ಟೇ.

ಸಮಸ್ಯೆ

ಇದು ಅಂದಗೆಟ್ಟ ಬರವಣಿಗೆ ಮಾತ್ರವಲ್ಲ, ಅರ್ಥವನ್ನೇ ಕೆಡಿಸುವ ತೊಂದರೆ ಎಂದು ಗೊತ್ತಾದದ್ದು ವಿಜ್ಞಾನದ ವರದಿಯೊಂದರಲ್ಲಿ. ಎರಡು ಕುಂಡಗಳಲ್ಲಿ ಬೀನ್ಸ್ ಬೀಜ ಹಾಕಿ, ಒಂದನ್ನು ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲೆಯಲ್ಲಿ ಬೆಳೆಸುವ ಸರಳ ಪ್ರಯೋಗವದು. ಅವಳು ಬರೆದದ್ದು ಹೀಗಿತ್ತು:

“ನಾವು ಎರಡು ಕುಂಡದಲ್ಲಿ ಬೀನ್ಸ್ ಬೀಜ ಹಾಕಿದೆವು ಆಮೇಲೆ ಒಂದನ್ನು ಕಿಟಕಿ ಹತ್ತಿರ ಇಟ್ಟೆವು ಇನ್ನೊಂದನ್ನು ಕಪಾಟಿನ ಒಳಗೆ ಇಟ್ಟೆವು ಆಮೇಲೆ ನೀರು ಹಾಕಿದೆವು ನಾಲ್ಕನೇ ದಿನ ಮೊಳಕೆ ಬಂತು ಕಪಾಟಿನದ್ದು ಉದ್ದ ಇತ್ತು ಆದರೆ ಹಳದಿ ಇತ್ತು ಕಿಟಕಿಯದ್ದು ಗಿಡ್ಡ ಇತ್ತು ಹಸಿರು ಇತ್ತು ಆಮೇಲೆ ಹತ್ತನೇ ದಿನ ಕಪಾಟಿನ ಗಿಡ ಬಾಗಿತು ಅದಕ್ಕೆ ಕೋಲು ಕಟ್ಟಿದೆವು ಬೆಳಕು ಬೇಕು ಅಂತ ಗೊತ್ತಾಯಿತು.”

ಒಟ್ಟು 46 ಪದ, ಒಂದು ಚುಕ್ಕಿ, ಮೂರು ‘ಆಮೇಲೆ’. ವಿಜ್ಞಾನ ಶಿಕ್ಷಕರು ‘ನೀರು ಹಾಕಿದೆವು ನಾಲ್ಕನೇ ದಿನ’ ಎಂಬಲ್ಲಿ ಗೆರೆ ಎಳೆದು, ‘ಮೂರು ದಿನ ನೀರಿಲ್ಲದೆ ಬೀಜ ಇಟ್ಟಿದ್ದೀಯಾ? ಪ್ರಯೋಗದ ಕ್ರಮ ತಪ್ಪು’ ಎಂದು ಅಂಕ ಕಳೆದಿದ್ದರು. ಹುಡುಗಿ ಅಳುಮುಖ ಮಾಡಿಕೊಂಡು ಕನ್ನಡ ಶಿಕ್ಷಕಿಯ ಹತ್ತಿರ ಬಂದಳು. “ಮಿಸ್, ನಾನು ಮೊದಲ ದಿನದಿಂದಲೇ ನೀರು ಹಾಕಿದ್ದೀನಿ. ನಾಲ್ಕನೇ ದಿನ ಬಂದಿದ್ದು ಮೊಳಕೆ.”

ಇಬ್ಬರ ಓದೂ ಸರಿಯೇ. ಆಡುಮಾತಿನಲ್ಲಿ ನಾವು ಕ್ರಿಯಾಪದ ಮುಗಿದ ಮೇಲೂ ಒಂದೆರಡು ಪದ ಸೇರಿಸುತ್ತೇವೆ: ‘ನೀರು ಹಾಕಿದೆವು, ನಾಲ್ಕನೇ ದಿನ.’ ಮಾತಿನಲ್ಲಿ ದನಿ ಇಳಿಯುವುದು, ಏರುವುದು ಆ ಪದ ಎಲ್ಲಿಗೆ ಸೇರಿದ್ದೆಂದು ಹೇಳಿಬಿಡುತ್ತದೆ. ಬರಹದಲ್ಲಿ ದನಿಯಿಲ್ಲ. ‘ನಾಲ್ಕನೇ ದಿನ’ ಹಿಂದಿನ ‘ಹಾಕಿದೆವು’ಗೆ ಸೇರಿದೆಯೋ ಮುಂದಿನ ‘ಬಂತು’ಗೆ ಸೇರಿದೆಯೋ ಎಂದು ಹೇಳಲು ಇರುವುದು ಒಂದು ಚುಕ್ಕಿ. ಆ ಚುಕ್ಕಿ ಇಲ್ಲದ್ದರಿಂದ ಒಂದು ಒಳ್ಳೆಯ ಪ್ರಯೋಗ ಕೆಟ್ಟ ಪ್ರಯೋಗದಂತೆ ಕಂಡಿತು.

ಅದೇ ವರದಿಯಲ್ಲಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಗೊಂದಲವಿತ್ತು. ‘ಗಿಡ ಬಾಗಿತು ಅದಕ್ಕೆ ಕೋಲು ಕಟ್ಟಿದೆವು’ ಎಂಬಲ್ಲಿ ‘ಅದಕ್ಕೆ’ ಎಂದರೆ ‘ಆ ಗಿಡಕ್ಕೆ’ ಎಂದೂ ಆಗಬಹುದು, ‘ಆದ್ದರಿಂದ’ ಎಂದೂ ಆಗಬಹುದು. ಇಲ್ಲಿ ಎರಡೂ ಹೊಂದಿಕೊಳ್ಳುವುದರಿಂದ ನಷ್ಟವಿಲ್ಲ. ಬೇರೆ ವರದಿಯಲ್ಲಿ ನಷ್ಟವಾಗುತ್ತದೆ.

ಮೊದಲ ಪ್ರಯತ್ನ: ಉಸಿರು ನಿಂತಲ್ಲಿ ಚುಕ್ಕಿ

ಶಿಕ್ಷಕಿ ಮೊದಲು ಹೇಳಿದ್ದು ಬಹಳ ಕಡೆ ಹೇಳಿಕೊಡುವ ಉಪಾಯವನ್ನೇ: ಗಟ್ಟಿಯಾಗಿ ಓದು, ಉಸಿರು ನಿಲ್ಲುವ ಕಡೆ ಪೂರ್ಣವಿರಾಮ ಹಾಕು. ಹುಡುಗಿ ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದಳು. ಸಕ್ಕರೆ ಕರಗಿಸುವ ಮುಂದಿನ ಪ್ರಯೋಗದ ವರದಿ ಹೀಗೆ ಬಂತು:

“ನೀರನ್ನು ಬಿಸಿ ಮಾಡಿ. ಅದರಲ್ಲಿ ಸಕ್ಕರೆ ಹಾಕಿ. ಕಲಕಿದಾಗ. ಸಕ್ಕರೆ ಬೇಗ ಕರಗಿತು. ತಣ್ಣೀರಿನಲ್ಲಿ ಹಾಕಿದ್ದು. ನಿಧಾನವಾಗಿ ಕರಗಿತು.”

ಹಿಂದೆ ಇದ್ದದ್ದು ಕೊನೆಯ ಒಂದೇ ಚುಕ್ಕಿ. ಈಗ ಆರು ಚುಕ್ಕಿಗಳಿವೆ, ಅದರಲ್ಲಿ ಎರಡು ಮಾತ್ರ ಇರಬೇಕಾದ ಜಾಗದಲ್ಲಿವೆ. ಇದನ್ನು ‘ಅರ್ಧಂಬರ್ಧ ವಾಕ್ಯ’ ಎಂದು ಗೆರೆ ಎಳೆದು ಬಿಟ್ಟರೆ ನಿಜವಾದ ತೊಂದರೆ ಕಾಣುವುದಿಲ್ಲ. ಮೊದಲ ಎರಡು ಸಾಲುಗಳನ್ನು ನೋಡಿ. ‘ಬಿಸಿ ಮಾಡಿ’, ‘ಹಾಕಿ’ ಎಂಬ ರೂಪಗಳಿಗೆ ಕನ್ನಡದಲ್ಲಿ ಎರಡು ಕೆಲಸಗಳಿವೆ. ಮುಂದೆ ಇನ್ನೊಂದು ಕ್ರಿಯೆ ಬಂದರೆ ಅವು ‘ಮಾಡಿದ ಬಳಿಕ’ ಎಂಬ ಅರ್ಥದ ಅಪೂರ್ಣ ಕ್ರಿಯೆಗಳು. ಅಲ್ಲೇ ನಿಂತರೆ ‘ನೀವು ಮಾಡಿ’ ಎಂಬ ವಿಧಿರೂಪ. ಅಂದರೆ ಆ ಚುಕ್ಕಿ ವಾಕ್ಯವನ್ನು ತುಂಡು ಮಾಡಿದ್ದಷ್ಟೇ ಅಲ್ಲ, ‘ನಾವು ಮಾಡಿದೆವು’ ಎಂಬ ವರದಿಯನ್ನು ‘ನೀವು ಹೀಗೆ ಮಾಡಿ’ ಎಂಬ ಸೂಚನೆಯಾಗಿ ಬದಲಿಸಿತು. ಮಾಡು, ಹಾಕು, ನೋಡು, ತುಂಬು ಮುಂತಾದ ಅನೇಕ ಕ್ರಿಯಾಪದಗಳಲ್ಲಿ ಈ ಅಪಾಯವಿದೆ. ಬರು, ಇಡು, ತೆಗೆ ಇವುಗಳಲ್ಲಿ ಇಲ್ಲ: ‘ಬಂದು’, ‘ಇಟ್ಟು’, ‘ತೆಗೆದು’ ಎಂದು ನಿಂತರೆ ವಾಕ್ಯ ನೇತಾಡುತ್ತದೆಯೇ ಹೊರತು ಅರ್ಥ ಬೇರೆಯಾಗುವುದಿಲ್ಲ.

ಉಸಿರಿನ ಉಪಾಯ ಸೋಲುವುದಕ್ಕೆ ಕಾರಣ ಸರಳ. ಉದ್ದ ವಾಕ್ಯ ಓದುವಾಗ ಯಾರಾದರೂ ನಡುವೆ ನಿಲ್ಲುತ್ತಾರೆ; ‘ಮಾಡಿ’, ‘ಕಲಕಿದಾಗ’ ಆದ ಮೇಲೆ ನಿಲ್ಲುವುದು ಸಹಜವೇ. ನಿಲುಗಡೆಯೂ ಮುಕ್ತಾಯವೂ ಒಂದೇ ಅಲ್ಲ. ಓದುವ ವೇಗ ಬದಲಾದರೆ ಉಸಿರು ನಿಲ್ಲುವ ಜಾಗವೂ ಬದಲಾಗುತ್ತದೆ, ವಾಕ್ಯ ಮುಗಿಯುವ ಜಾಗ ಬದಲಾಗುವುದಿಲ್ಲ.

ಎರಡನೇ ಪ್ರಯತ್ನ: ವ್ಯಾಖ್ಯೆಗಳು

ಆಮೇಲೆ ವ್ಯಾಕರಣದ ಪಾಠ ನಡೆಯಿತು. ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ. ಪೂರ್ಣವಿರಾಮ, ಅಲ್ಪವಿರಾಮ, ಅರ್ಧವಿರಾಮ, ಉದ್ಧರಣ ಚಿಹ್ನೆ. ಪ್ರತಿಯೊಂದಕ್ಕೂ ಒಂದು ವ್ಯಾಖ್ಯೆ, ಒಂದು ಉದಾಹರಣೆ. ಕೊಟ್ಟ ವಾಕ್ಯ ಯಾವ ಬಗೆಯದೆಂದು ಗುರುತಿಸುವ ಪರೀಕ್ಷೆಯಲ್ಲಿ ಹುಡುಗಿ ಎಲ್ಲವನ್ನೂ ಸರಿಯಾಗಿ ಬರೆದಳು. ಅದೇ ವಾರ ಅವಳು ಬರೆದ ಪ್ರಬಂಧ ಮೊದಲಿನಂತೆಯೇ ಇತ್ತು.

ಇಲ್ಲಿ ಸೋಮಾರಿತನವನ್ನು ಹುಡುಕಬಾರದು. ಬರೆದಿಟ್ಟ ವಾಕ್ಯಕ್ಕೆ ಹೆಸರು ಕೊಡುವುದು ಒಂದು ಕೆಲಸ, ಇಲ್ಲದ ವಾಕ್ಯವನ್ನು ಕಟ್ಟುವುದು ಬೇರೆ ಕೆಲಸ. ಸಂಶೋಧನೆಯೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಜಾನ್ ಮೆಲನ್ 1969ರಲ್ಲಿ, ಫ್ರಾಂಕ್ ಓಹೇರ್ 1973ರಲ್ಲಿ ವಾಕ್ಯ ಜೋಡಣೆಯ, ಅಂದರೆ ಬಿಡಿ ವಾಕ್ಯಗಳನ್ನು ಕೂಡಿಸಿ ಒಂದು ಮಾಡುವ ಅಭ್ಯಾಸವನ್ನು ಏಳನೇ ತರಗತಿಯ ಮಕ್ಕಳ ಮೇಲೆ ಪರೀಕ್ಷಿಸಿದರು. ವ್ಯಾಕರಣದ ಪಾರಿಭಾಷಿಕ ಪದಗಳಿಲ್ಲದೆಯೇ ಈ ಅಭ್ಯಾಸ ಬರವಣಿಗೆಯನ್ನು ಸುಧಾರಿಸುತ್ತದೆ ಎಂಬುದು ಓಹೇರ್ ಅವರ ತೀರ್ಮಾನ. 4ರಿಂದ 12ನೇ ತರಗತಿಯವರೆಗಿನ ಬರವಣಿಗೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ವಾಕ್ಯ ಜೋಡಣೆಯ ಸರಾಸರಿ ಪರಿಣಾಮ (ಸೊನ್ನೆ ಎಂದರೆ ಲಾಭವೇ ಇಲ್ಲ ಎಂಬ ಅಳತೆಯಲ್ಲಿ) 0.50, ಬಿಡಿಬಿಡಿಯಾದ ವ್ಯಾಕರಣ ಪಾಠದ್ದು ಸೊನ್ನೆಗಿಂತ ಕೆಳಗೆ. ಅದು ಕನ್ನಡದ ಲೆಕ್ಕವಲ್ಲ. ಇಂಗ್ಲಿಷಿನ ಅಭ್ಯಾಸಗಳನ್ನು ಹಾಗೆಯೇ ಎತ್ತಿ ತಂದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಮೂರನೇ ಪ್ರಯತ್ನ: ಬಿಡಿಸು, ಜೋಡಿಸು

ಶಿಕ್ಷಕಿ ಈಗ ದಾರಿ ಬದಲಿಸಿದರು. ವಾರಕ್ಕೆ ಮೂರು ದಿನ, ಸಲಕ್ಕೆ 15 ನಿಮಿಷ. ಪಠ್ಯಪುಸ್ತಕದ ಉದಾಹರಣೆಗಳನ್ನು ಬಿಟ್ಟು ಹುಡುಗಿಯ ಬೀನ್ಸ್ ವರದಿಯನ್ನೇ ಕೈಗೆತ್ತಿಕೊಂಡರು. ಈ ಆಯ್ಕೆ ಮುಖ್ಯವಾಯಿತು. ತಾನು ಕಣ್ಣಾರೆ ಕಂಡದ್ದನ್ನು ಬರೆದ ವಾಕ್ಯವಾದ್ದರಿಂದ, ಜೋಡಿಸುವಾಗ ಯಾವ ಅರ್ಥ ನಿಜ, ಯಾವುದು ಅಲ್ಲ ಎಂದು ಅವಳಿಗೇ ಗೊತ್ತಿತ್ತು.

ಮೊದಲು ಬಿಡಿಸುವ ಕೆಲಸ. ಉದ್ದದ ವಾಕ್ಯವನ್ನು ಕತ್ತರಿಸಿ, ಒಂದು ಚೀಟಿಗೆ ಒಂದು ಸಂಗತಿಯಂತೆ ಬರೆಯಬೇಕು. ‘ನಾವು ಎರಡು ಕುಂಡದಲ್ಲಿ ಬೀನ್ಸ್ ಬೀಜ ಹಾಕಿದೆವು.’ ಒಂದು ಚೀಟಿ. ‘ಒಂದನ್ನು ಕಿಟಕಿ ಹತ್ತಿರ ಇಟ್ಟೆವು.’ ಇನ್ನೊಂದು. ಹೀಗೆ 12 ಚೀಟಿಗಳಾದವು, ಪ್ರತಿಯೊಂದರ ಕೊನೆಗೂ ಒಂದು ಚುಕ್ಕಿ. ‘ನಾಲ್ಕನೇ ದಿನ’ ಎಂಬ ಪದಗಳನ್ನು ಯಾವ ಚೀಟಿಗೆ ಬರೆಯಬೇಕೆಂದು ಅವಳು ಕೈ ತಡೆದಳು. ವಿಜ್ಞಾನ ಶಿಕ್ಷಕರ ಗೆರೆ ಯಾಕೆ ಬಿತ್ತು ಎಂದು ಅವಳಿಗೆ ಅರ್ಥವಾದದ್ದು ಆಗ. ಯಾರೂ ವಿವರಿಸಿ ಹೇಳಬೇಕಾಗಲಿಲ್ಲ.

ನಂತರ ಕೊನೆಯ ಪದದ ಪರೀಕ್ಷೆ. ‘ವಾಕ್ಯದಲ್ಲಿ ಕರ್ತೃ ಇರಬೇಕು, ಕ್ರಿಯಾಪದ ಇರಬೇಕು’ ಎಂಬ ಅಳತೆಗೋಲು ಇಂಗ್ಲಿಷಿಗೆ ಹೊಂದುತ್ತದೆ, ಕನ್ನಡಕ್ಕೆ ಸಲ್ಲುವುದಿಲ್ಲ. ‘ಹಾಕಿದೆವು.’ ಎಂಬ ಒಂದೇ ಪದ ಪೂರ್ಣ ವಾಕ್ಯವಾಗಬಲ್ಲದು; ಮಾಡಿದವರು ನಾವು ಎಂಬುದು ‘-ಎವು’ ಪ್ರತ್ಯಯದಲ್ಲೇ ಇದೆ. ‘ಎರಡನೇ ಕುಂಡದ ಮಣ್ಣು ಒದ್ದೆ.’ ಎಂಬುದರಲ್ಲಿ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ಣ. ಅದೇ ‘ನಾವು ಎರಡು ಕುಂಡದಲ್ಲಿ ಬೀಜ ಹಾಕಿದಾಗ’ ಎಂಬುದರಲ್ಲಿ ಕರ್ತೃವೂ ಇದೆ, ಕ್ರಿಯೆಯೂ ಇದೆ, ವಾಕ್ಯ ಮಾತ್ರ ಮುಗಿದಿಲ್ಲ. ಕನ್ನಡದಲ್ಲಿ ಮುಕ್ತಾಯ ಇರುವುದು ಕೊನೆಯ ಪದದ ಕೊನೆಯಲ್ಲಿ. ಅಲ್ಪವಿರಾಮ, ಅರ್ಧವಿರಾಮಗಳು ಮುದ್ರಣದ ಕಾಲದಲ್ಲಿ ಕನ್ನಡಕ್ಕೆ ಬಂದು ನೆಲೆಸಿದವು. ಅದಕ್ಕೂ ಮೊದಲು ಶತಮಾನಗಳ ಕಾಲ ಕನ್ನಡ ಗದ್ಯ ಓದುಗರಿಗೆ ದಾರಿ ತೋರಿಸಿದ್ದು ಈ ಪ್ರತ್ಯಯಗಳ ಬಲದಿಂದಲೇ.

ಆದ್ದರಿಂದ ಶಿಕ್ಷಕಿ ಕೇಳಿಸಿದ್ದು ಒಂದೇ ಪ್ರಶ್ನೆ: ಚುಕ್ಕಿಯ ಹಿಂದಿನ ಪದ ಮುಂದೇನೋ ಬರಲಿ ಎಂದು ಕಾಯುತ್ತಿದೆಯೇ? ಮಾಡಿ, ಮಾಡುತ್ತಾ, ಮಾಡಿದಾಗ, ಮಾಡಿದರೆ, ಮಾಡಿದರೂ, ಮಾಡಲು, ಮಾಡಿದ್ದರಿಂದ, ಎಂದು: ಇವೆಲ್ಲ ಕಾಯುವ ರೂಪಗಳು. ಮಾಡಿದೆವು, ಬಂತು, ಇತ್ತು, ಇಲ್ಲ, ಬೇಕು, ಅಲ್ಲ: ಇವು ನಿಲ್ಲುವ ರೂಪಗಳು. ಎಡವುವ ಒಂದು ಜಾಗವಿದೆ. ‘ಮಾಡಿದ’ ಎಂಬುದು ಎರಡೂ ಕಡೆ ಸಲ್ಲುತ್ತದೆ: ‘ಅವನು ಪ್ರಯೋಗ ಮಾಡಿದ.’ ಎಂದರೆ ಮುಗಿಯಿತು, ‘ಅವನು ಮಾಡಿದ ಪ್ರಯೋಗ’ ಎಂದರೆ ಮುಗಿದಿಲ್ಲ. ಅಂಥಲ್ಲಿ ಮುಂದಿನ ಪದ ಅದರ ವಿಶೇಷ್ಯವೇ, ಅಂದರೆ ಅದು ಬಣ್ಣಿಸುವ ನಾಮಪದವೇ ಎಂದು ನೋಡಿದ ಮೇಲೆಯೇ ಚುಕ್ಕಿ ಇಡಬೇಕು.

‘ಏಕೆಂದರೆ’ ಎಂದು ಶುರುವಾಗುವ ವಾಕ್ಯ ಅಪೂರ್ಣ ಎಂದು ಕೆಲವರು ಕಲಿಸುತ್ತಾರೆ. ‘ಗಿಡ ಹಳದಿಯಾಯಿತು. ಏಕೆಂದರೆ ಅದಕ್ಕೆ ಬೆಳಕು ಸಿಗಲಿಲ್ಲ.’ ಇದರಲ್ಲಿ ತಪ್ಪೇನೂ ಇಲ್ಲ. ‘ಸಿಗಲಿಲ್ಲ’ ನಿಲ್ಲುವ ರೂಪ. ಇಂಗ್ಲಿಷಿನ ನಿಯಮವನ್ನು ಇಲ್ಲಿ ಹೇರಿ ಮಗುವಿನ ಸರಿಯಾದ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವುದು ಅನ್ಯಾಯ. ಶಿಕ್ಷಕಿ ಅದನ್ನು ಹಾಗೆಯೇ ಬಿಟ್ಟದ್ದು ಸರಿಯಾದ ನಿರ್ಧಾರ.

ಮೂರನೆಯದು ಜೋಡಣೆ. ಎರಡು ಚೀಟಿ ತೆಗೆದುಕೊಂಡು ಮೊದಲು ಬಾಯಲ್ಲಿ ಜೋಡಿಸಬೇಕು, ಕಡೇಪಕ್ಷ ಎರಡು ರೀತಿಯಲ್ಲಿ. ಆಮೇಲೆ ಒಂದನ್ನು ಆರಿಸಿ ಬರೆಯಬೇಕು. ಚಿಹ್ನೆ ಹಾಕುವುದು ಕೊನೆಗೆ. ಹುಡುಗಿ ಮೊದಲಿಗೆ ಎಲ್ಲವನ್ನೂ ‘ಮತ್ತು’ ಹಾಕಿ ಜೋಡಿಸಿದಳು: ‘ಬೀಜ ಹಾಕಿದೆವು ಮತ್ತು ಕಿಟಕಿ ಹತ್ತಿರ ಇಟ್ಟೆವು.’ ವ್ಯಾಕರಣಕ್ಕೆ ಸರಿ, ಕಿವಿಗೆ ಅಲ್ಲ. ‘ಮತ್ತು’ ನಾಮಪದಗಳ ನಡುವೆ ಚೆನ್ನಾಗಿ ಕೂರುತ್ತದೆ. ಒಬ್ಬರೇ ಒಂದಾದ ಮೇಲೆ ಒಂದರಂತೆ ಮಾಡಿದ ಕೆಲಸಗಳನ್ನು ಕನ್ನಡ ‘ಹಾಕಿ ಇಟ್ಟೆವು’ ಎಂದೇ ಹೇಳುತ್ತದೆ.

‘ಒಂದನ್ನು ಕಿಟಕಿ ಹತ್ತಿರ ಇಟ್ಟೆವು. ಇನ್ನೊಂದನ್ನು ಕಪಾಟಿನ ಒಳಗೆ ಇಟ್ಟೆವು.’ ಇವನ್ನು ಕೂಡಿಸಿದಾಗ ‘ಒಂದನ್ನು ಕಿಟಕಿಯ ಹತ್ತಿರ, ಇನ್ನೊಂದನ್ನು ಕಪಾಟಿನ ಒಳಗೆ ಇಟ್ಟೆವು’ ಎಂದಾಯಿತು. ಬಿಟ್ಟುಹೋದ ಮೊದಲ ‘ಇಟ್ಟೆವು’ ಇದ್ದ ಜಾಗದಲ್ಲಿ ಈಗ ಅಲ್ಪವಿರಾಮವಿದೆ. ಅಲ್ಪವಿರಾಮಕ್ಕೆ ಒಂದು ಕೆಲಸವಿದೆ ಎಂಬುದು ಹೀಗೆ ಕಂಡರೆ ಮರೆಯುವುದಿಲ್ಲ.

ತಿರುವು

ಇಡೀ ಪ್ರಕರಣದ ತಿರುವು ಎರಡು ಪುಟ್ಟ ಚೀಟಿಗಳ ಮೇಲೆ ನಡೆಯಿತು: ‘ಕಪಾಟಿನ ಗಿಡ ಉದ್ದ ಇತ್ತು.’ ‘ಕಪಾಟಿನ ಗಿಡ ಹಳದಿ ಇತ್ತು.’ ಹುಡುಗಿ ಎರಡು ಜೋಡಣೆ ಹೇಳಿದಳು.

“ಹಳದಿಯಾಗಿದ್ದರೂ ಉದ್ದವಾಗಿತ್ತು. ಉದ್ದವಾಗಿದ್ದರೂ ಹಳದಿಯಾಗಿತ್ತು. ಎರಡೂ ಒಂದೇ ಅಲ್ವಾ ಮಿಸ್?”

“ಮೊದಲನೆಯದನ್ನು ಕೇಳಿದವರು ಆ ಗಿಡದ ಬಗ್ಗೆ ಏನಂದುಕೊಳ್ಳುತ್ತಾರೆ, ಹೇಳು ನೋಡೋಣ.”

“ಚೆನ್ನಾಗಿ ಬೆಳೀತಿದೆ ಅಂತ.”

“ನಿನ್ನ ವರದಿಯ ಕೊನೆಗೆ ಏನು ಬರೆದಿದ್ದೀಯ?”

“ಬೆಳಕು ಬೇಕು ಅಂತ... ಹಾಗಾದ್ರೆ ಹಳದಿ ಅನ್ನೋದು ಕೊನೆಗೆ ಬರಬೇಕು.”

ವಾಕ್ಯ ಜೋಡಣೆ ಅಂದರೆ ಅಂಟಿಸುವುದಲ್ಲ, ಯಾವುದು ಮುಖ್ಯ ಎಂದು ನಿರ್ಧರಿಸುವುದು. ಮುಖ್ಯವಾದದ್ದಕ್ಕೆ ನಿಲ್ಲುವ ರೂಪ, ಉಳಿದದ್ದಕ್ಕೆ ಕಾಯುವ ರೂಪ. ಆ ನಿರ್ಧಾರವಾದ ಮೇಲೆ ಚುಕ್ಕಿಯ ಜಾಗ ತಾನಾಗಿಯೇ ಗೊತ್ತಾಗುತ್ತದೆ. ಇಷ್ಟು ದಿನ ಹುಡುಗಿಗೆ ಚುಕ್ಕಿ ಎಲ್ಲಿಡಬೇಕೆಂದು ತಿಳಿಯದಿದ್ದುದು ಅವಳ ವಾಕ್ಯಗಳಲ್ಲಿ ಎಲ್ಲ ಸಂಗತಿಗಳೂ ಸಮಾನ ತೂಕದವಾಗಿದ್ದುದರಿಂದ. 12 ಸಂಗತಿಗಳೂ ‘ಇತ್ತು’, ‘ಇಟ್ಟೆವು’, ‘ಬಂತು’ ಎಂದು ನಿಲ್ಲುವ ರೂಪದಲ್ಲೇ ಇದ್ದವು, ಯಾವುದೂ ಇನ್ನೊಂದಕ್ಕೆ ಒರಗಿರಲಿಲ್ಲ.

ಜೋಡಣೆ ಅತಿಯಾದಾಗ

ಈ ಅಭ್ಯಾಸ ಮಾಡಿಸುವವರೆಲ್ಲ ಎದುರಿಸುವ ಒಂದು ಹಂತ ಇಲ್ಲೂ ಬಂತು. ಕಾಯುವ ರೂಪ ಕೈಗೆ ಸಿಕ್ಕ ಕೂಡಲೇ ಹುಡುಗಿ ಅದನ್ನು ಎಲ್ಲೆಡೆ ಬಳಸತೊಡಗಿದಳು:

“ಬೀಜ ಹಾಕಿ ನೀರು ಹಾಕಿ ಮೊಳಕೆ ಬಂದು ಗಿಡ ಉದ್ದ ಬೆಳೆದು ಬಾಗಿ ಕೋಲು ಕಟ್ಟಿ ನೋಡಿದೆವು.”

ಚುಕ್ಕಿ ಸರಿಯಾದ ಜಾಗದಲ್ಲಿದೆ, ಕೊನೆಯ ಪದ ನಿಲ್ಲುವ ರೂಪದಲ್ಲಿದೆ, ಪರೀಕ್ಷೆಯಲ್ಲಿ ಪಾಸು. ಆದರೂ ವಾಕ್ಯ ಕೆಟ್ಟಿದೆ. ಬೀಜ, ನೀರು ಹಾಕಿದವರು ನಾವು. ಬಂದದ್ದು ಮೊಳಕೆ. ಬೆಳೆದದ್ದು, ಬಾಗಿದ್ದು ಗಿಡ. ಕೋಲು ಕಟ್ಟಿದವರು ಮತ್ತೆ ನಾವು. ‘ಬಾಗಿ ಕೋಲು ಕಟ್ಟಿದೆವು’ ಎಂದರೆ ಬಗ್ಗಿದವರು ನಾವೇ ಎಂದಾಗುತ್ತದೆ. ‘ಮಾಡಿ’, ‘ಬಂದು’ ಎಂಬ ರೂಪಗಳು ಸಾಮಾನ್ಯವಾಗಿ ಕೊನೆಯ ಕ್ರಿಯಾಪದದ ಕರ್ತೃವನ್ನೇ ತಮ್ಮ ಕರ್ತೃವಾಗಿ ಬಯಸುತ್ತವೆ.

ಸಾಮಾನ್ಯವಾಗಿ ಎಂದದ್ದಕ್ಕೆ ಕಾರಣವಿದೆ. ‘ಮಳೆ ಬಂದು ನೆಲ ಒದ್ದೆಯಾಯಿತು’ ಎಂದು ನಾವೆಲ್ಲರೂ ಹೇಳುತ್ತೇವೆ. ಕರ್ತೃ ಬೇರೆಯಾದರೂ ಕಿವಿಗೆ ಒಪ್ಪುತ್ತದೆ. ಒಂದು ಘಟನೆ ತಾನಾಗಿ ಇನ್ನೊಂದಕ್ಕೆ ಕಾರಣವಾದಾಗ, ಎರಡರಲ್ಲೂ ಬೇಕೆಂದು ಮಾಡುವವರು ಯಾರೂ ಇಲ್ಲದಾಗ ಭಾಷೆ ಇಷ್ಟು ಸಡಿಲ ಬಿಡುತ್ತದೆ. ಮುಂದಿನ ಕ್ರಿಯೆಯನ್ನು ಯಾರಾದರೂ ಬೇಕೆಂದೇ ಮಾಡಿದ್ದರೆ ಬಿಡುವುದಿಲ್ಲ. ಅಂಥ ಕಡೆ ‘-ದ್ದರಿಂದ’, ‘-ದಾಗ’, ‘-ದ ಮೇಲೆ’ ಬೇಕು: ‘ಗಿಡ ಬಾಗಿದ್ದರಿಂದ ಕೋಲು ಕಟ್ಟಿದೆವು.’ ಇವು ಕರ್ತೃ ಬದಲಾದರೂ ತಡೆದುಕೊಳ್ಳುತ್ತವೆ.

ಪರಿಹಾರವಾಗಿ ಶಿಕ್ಷಕಿ ಇನ್ನೊಂದು ಪ್ರಶ್ನೆ ಸೇರಿಸಿದರು: ಪ್ರತಿ ಕ್ರಿಯೆಯ ಕೆಳಗೆ ‘ಯಾರು?’ ಅಥವಾ ‘ಯಾವುದು?’ ಎಂದು ಕೇಳಿಕೊಂಡು ಉತ್ತರ ಬರೆಯಬೇಕು. ಉತ್ತರ ಬದಲಾದ ಕಡೆ ರೂಪ ಬದಲಿಸು, ಇಲ್ಲವೇ ಚುಕ್ಕಿ ಇಟ್ಟು ಹೊಸ ವಾಕ್ಯ ಶುರುಮಾಡು. ಜೊತೆಗೆ ಒಂದು ಮಿತಿ: ನಿಲ್ಲುವ ರೂಪಕ್ಕೆ ಮೊದಲು ಎರಡಕ್ಕಿಂತ ಹೆಚ್ಚು ‘ಮಾಡಿ’, ‘ಬಂದು’ ಬೇಡ. ಇದು ವ್ಯಾಕರಣದ ನಿಯಮವಲ್ಲ, ಕಲಿಯುವ ಹಂತದ ಕಟ್ಟು. ಕೈ ಪಳಗಿದ ಮೇಲೆ ಸಡಿಲಿಸಬಹುದು.

ಚಿಹ್ನೆಗಳ ಸಣ್ಣ ಲೆಕ್ಕಗಳು

ಜೋಡಣೆ ಹದಕ್ಕೆ ಬಂದ ಮೇಲೆ ಉಳಿದ ಚಿಹ್ನೆಗಳ ಕಡೆ ಗಮನ ಹೋಯಿತು. ಅವಳ ಕಾಪಿಯಲ್ಲಿ ಅಲ್ಪವಿರಾಮ ಈಗ ಬೇಡದ ಕಡೆಯೂ ಬೀಳುತ್ತಿತ್ತು. ‘ಕಪಾಟಿನ ಗಿಡ, ಬಾಗಿತು.’ ಕರ್ತೃ ಚಿಕ್ಕದಾಗಿ, ಕ್ರಿಯಾಪದ ಪಕ್ಕದಲ್ಲೇ ಇರುವಾಗ ನಡುವೆ ಅಲ್ಪವಿರಾಮ ಹಾಕುವ ಅಗತ್ಯವಿಲ್ಲ. ‘ಬೆಳಕು ಬೇಕು, ಎಂದು ಗೊತ್ತಾಯಿತು.’ ಇಲ್ಲೂ ಬೇಡ. ‘ಎಂದು’ ತನ್ನ ಹಿಂದಿನ ಮಾತನ್ನು ಕಟ್ಟಿ ಮುಂದಕ್ಕೆ ಕೊಡುವ ಪದ, ಅದನ್ನು ಬೇರ್ಪಡಿಸಬಾರದು. ‘ಬೇರೂ ಕಾಂಡವೂ’ ಎಂದಾಗ ‘ಊ’ ಎರಡು ಸಲ ಬಂದು ಜೋಡಿಸುವ ಕೆಲಸ ಮುಗಿಸಿದೆ, ಅಲ್ಪವಿರಾಮವೂ ‘ಮತ್ತು’ ಕೂಡ ಬೇಕಿಲ್ಲ.

‘ಗಿಡ ಏಕೆ ಬಾಗಿತು ಎಂಬುದು ಗೊತ್ತಾಗಲಿಲ್ಲ?’ ಎಂದು ಬರೆದಿದ್ದಳು. ‘ಏಕೆ’ ಕಂಡ ಕೂಡಲೇ ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನೆ ಇರುವುದು ‘ಎಂಬುದು’ವಿನ ಒಳಗೆ, ಇಡೀ ವಾಕ್ಯ ಯಾರನ್ನೂ ಏನೂ ಕೇಳುತ್ತಿಲ್ಲ. ನಿಲ್ಲುವ ರೂಪ ‘ಗೊತ್ತಾಗಲಿಲ್ಲ’ ಹೇಳಿಕೆಯಾದ್ದರಿಂದ ಪೂರ್ಣವಿರಾಮವೇ ಸರಿ. ಇಲ್ಲೂ ನೋಡಬೇಕಾದದ್ದು ಕೊನೆಯ ಪದವನ್ನೇ.

ಚಿಹ್ನೆಯಿಂದ ಸರಿಪಡಿಸಲು ಆಗದ ಗೊಂದಲಗಳೂ ಇವೆ. ‘ಹಳದಿಯಾದ ಎಲೆ ಮತ್ತು ಕಾಂಡ’ ಎಂದರೆ ಕಾಂಡವೂ ಹಳದಿಯೇ? ‘ಎಲೆ’ ಆದ ಮೇಲೆ ಅಲ್ಪವಿರಾಮ ಹಾಕಿದರೂ ಅನುಮಾನ ಉಳಿಯುತ್ತದೆ. ಪದಗಳ ಕ್ರಮ ಬದಲಿಸಿ ‘ಕಾಂಡ ಮತ್ತು ಹಳದಿಯಾದ ಎಲೆ’ ಎಂದರೆ ಅನುಮಾನವಿಲ್ಲ. ಎರಡೂ ಹಳದಿಯಾಗಿದ್ದರೆ ‘ಎಲೆ, ಕಾಂಡ ಎರಡೂ ಹಳದಿಯಾಗಿದ್ದವು’ ಎನ್ನಬೇಕು. ಚಿಹ್ನೆಯ ಮೇಲೆ ಅತಿಯಾದ ಭಾರ ಹೊರಿಸಬಾರದು ಎಂದು ತಿಳಿಯಲು ಈ ಒಂದು ಉದಾಹರಣೆ ಸಾಕು.

ಅರ್ಧವಿರಾಮವನ್ನು ಶಿಕ್ಷಕಿ ಬೇಕೆಂದೇ ಬಿಟ್ಟರು. ಚುಕ್ಕಿ ಮತ್ತು ಅಲ್ಪವಿರಾಮದ ಹಿಡಿತ ಸಿಗುವ ಮೊದಲೇ ಅದನ್ನು ಕೊಟ್ಟರೆ ಅನುಮಾನ ಬಂದ ಕಡೆಯಲ್ಲೆಲ್ಲ ಮಕ್ಕಳು ಅದನ್ನು ಹಾಕುತ್ತಾರೆ.

ಏನಾಯಿತು

ಅದೇ ಬೀನ್ಸ್ ವರದಿಯನ್ನು ಅವಳು ಹಳೆಯದನ್ನು ನೋಡದೆ ಮತ್ತೆ ಬರೆದಳು:

“ನಾವು ಎರಡು ಕುಂಡಗಳಲ್ಲಿ ಬೀನ್ಸ್ ಬೀಜ ಹಾಕಿ, ಒಂದನ್ನು ಕಿಟಕಿಯ ಹತ್ತಿರ, ಇನ್ನೊಂದನ್ನು ಕಪಾಟಿನ ಒಳಗೆ ಇಟ್ಟೆವು. ಎರಡಕ್ಕೂ ಮೊದಲ ದಿನದಿಂದಲೇ ನೀರು ಹಾಕುತ್ತಿದ್ದೆವು. ನಾಲ್ಕನೇ ದಿನ ಎರಡರಲ್ಲೂ ಮೊಳಕೆ ಬಂತು. ಕಿಟಕಿಯ ಹತ್ತಿರದ ಗಿಡ ಗಿಡ್ಡವಾಗಿ, ಹಸಿರಾಗಿ ಬೆಳೆಯಿತು. ಕಪಾಟಿನಲ್ಲಿದ್ದ ಗಿಡ ಉದ್ದವಾಗಿದ್ದರೂ ಹಳದಿಯಾಗಿತ್ತು. ಅದು ಹತ್ತನೇ ದಿನ ಬಾಗಿದ್ದರಿಂದ ಕೋಲು ಕಟ್ಟಿದೆವು. ಗಿಡ ಹಸಿರಾಗಲು ಬೆಳಕು ಬೇಕು ಎಂದು ಇದರಿಂದ ಗೊತ್ತಾಯಿತು.”

ಪದಗಳು ಈಗಲೂ 46. 12 ಚೀಟಿಗಳು ಏಳು ವಾಕ್ಯಗಳಾಗಿವೆ. ‘ಆಮೇಲೆ’ ಒಂದೂ ಇಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ‘ಹಾಕಿ’, ‘ಬಾಗಿದ್ದರಿಂದ’ ಎಂಬ ರೂಪಗಳು ವಹಿಸಿಕೊಂಡಿವೆ. ‘ಅದಕ್ಕೆ’ ಹೋಗಿ ಅದರ ಗೊಂದಲವೂ ಹೋಗಿದೆ. ಎಲ್ಲವನ್ನೂ ಜೋಡಿಸಿಲ್ಲ ಎಂಬುದನ್ನೂ ಗಮನಿಸಬೇಕು: ನೀರು ಮತ್ತು ಮೊಳಕೆಯ ಎರಡು ವಾಕ್ಯಗಳನ್ನು ಅವಳು ಬಿಡಿಯಾಗಿಯೇ ಉಳಿಸಿದಳು. ಹಿಂದೆ ಅಂಕ ಹೋಗಿದ್ದು ಅದೇ ಜಾಗದಲ್ಲಿ.

ಇನ್ನೂ ದೊಡ್ಡ ಲಾಭ ಯಾರೂ ಯೋಚಿಸಿರದ ಕಡೆಯಿಂದ ಬಂತು. ‘ಎರಡಕ್ಕೂ’, ‘ಎರಡರಲ್ಲೂ’, ‘ಮೊದಲ ದಿನದಿಂದಲೇ’ ಎಂಬ ಪದಗಳು ಮೊದಲ ವರದಿಯಲ್ಲಿ ಇರಲೇ ಇಲ್ಲ. ನೀರಿನ ಚೀಟಿಗೆ ‘ಯಾವುದಕ್ಕೆ?’ ಎಂದು ಕೇಳಿಕೊಂಡಾಗ ಉತ್ತರ ಕಾಗದದ ಮೇಲಿಲ್ಲ, ತನ್ನ ತಲೆಯಲ್ಲಿ ಮಾತ್ರ ಇದೆ ಎಂದು ಅವಳಿಗೆ ಹೊಳೆಯಿತು. ಎರಡೂ ಕುಂಡಗಳಿಗೆ ಸಮಾನವಾಗಿ ನೀರು ಸಿಕ್ಕಿರದಿದ್ದರೆ ಬೆಳಕಿನ ಬಗ್ಗೆ ತೀರ್ಮಾನ ಹೇಳುವಂತೆಯೇ ಇಲ್ಲ. ವಾಕ್ಯ ಸರಿಮಾಡಲು ಹೋಗಿ ಪ್ರಯೋಗದ ವಿವರ ಪೂರ್ತಿಯಾಯಿತು. ವಿಜ್ಞಾನ ಶಿಕ್ಷಕರು ಅಂಕ ಹಿಂದಿರುಗಿಸಿದರು.

ಸರಿಹೋಗದೆ ಉಳಿದದ್ದೂ ಇದೆ. ಸಮಯದ ಒತ್ತಡದಲ್ಲಿ ಬರೆಯುವಾಗ ಹಳೆಯ ಓಟ ಮರಳುತ್ತದೆ, ಅದರಲ್ಲೂ ಕಥೆ ಬರೆಯುವಾಗ. ಪರೀಕ್ಷೆಯಲ್ಲಿ ಕೊನೆಯ ಐದು ನಿಮಿಷ ಬಿಟ್ಟುಕೊಂಡು ಪ್ರತಿ ಚುಕ್ಕಿಯ ಹಿಂದಿನ ಪದವನ್ನಷ್ಟೇ ನೋಡುತ್ತಾ ಹೋಗುವ ಅಭ್ಯಾಸ ಸ್ವಲ್ಪ ನೆರವಾಯಿತು, ಪೂರ್ತಿ ಅಲ್ಲ. ಪಾತ್ರಗಳ ಮಾತನ್ನು ಉದ್ಧರಣ ಚಿಹ್ನೆಯೊಳಗೆ ತರುವಾಗ ಒಳಗಿನ ಚುಕ್ಕಿಗೂ ‘ಎಂದಳು’ವಿನ ನಂತರದ ಚುಕ್ಕಿಗೂ ಇನ್ನೂ ಗೊಂದಲವಿದೆ.

ಮುಂದಿನ ಗುಂಪಿಗೆ ಶಿಕ್ಷಕಿ ಕ್ರಮವನ್ನೇ ಬದಲಿಸಿದ್ದಾರೆ. ಉಸಿರಿನ ಉಪಾಯವನ್ನು ಕೈಬಿಟ್ಟಿದ್ದಾರೆ. ‘ಯಾರು?’ ಎಂಬ ಪ್ರಶ್ನೆ ಮೊದಲ ದಿನದ ಚೀಟಿಗಳಿಗೇ ಬರುತ್ತದೆ, ‘ಮಾಡಿ’, ‘ಬಂದು’ ರೂಪಗಳ ಸರಪಳಿ ಶುರುವಾಗುವ ಮೊದಲೇ. ವಾಕ್ಯದ ಬಗೆಗಳ ಹೆಸರು ಹೇಳಿಕೊಡುವುದು ಜೋಡಣೆ ಕೈಗೆ ಬಂದ ಮೇಲೆ. ಚೀಟಿಗಳಿಗೆ ಬೇಕಾದ ಸಂಗತಿಗಳನ್ನು ವಿಜ್ಞಾನದ ವರದಿಗಳಿಂದಲೇ ಆಯ್ದುಕೊಳ್ಳುತ್ತಾರೆ, ಆಯಾ ಪ್ರಯೋಗವನ್ನು ಮಕ್ಕಳೇ ಮಾಡಿದ ವಾರದಲ್ಲಿ.